ಕೆಂಪು ದಾರದ ಸೋರೆಬುರುಡೆ

ಕಳೆದ ವಾರ ಮೊಮ್ಮಗಳ ಮೇಲೆ ಹರಿಹಾಯ್ದುಬಿಟ್ಟೆ. ಪಾಪ, ತಪ್ಪು ಅವಳದಲ್ಲ. ನಮ್ಮ ಕಂಪೌಂಡ್ ಗೋಡೆಗೆ ಹಬ್ಬಿಸಿದ್ದ ಸೋರೆಬಳ್ಳಿಯಲ್ಲಿ ಒಂದು ಕಾಯಿ ಯಾರ ಕಣ್ಣಿಗೂ ಬೀಳದೆ ಬಲಿತು, ಒಣಗಿ, ಬೇಸಿಗೆ ಹೊತ್ತಿಗೆ ಗಟ್ಟಿ ಬುರುಡೆಯಾಗಿತ್ತು. ಅದಕ್ಕೆ ತುಂಬ ತೂತು ಕೊರೆದು ಒಳಗೆ ದೀಪ ಇಡುತ್ತೇನೆಂದು ಆ ಹುಡುಗಿ ಎದುರು ಮನೆಯಿಂದ ಡ್ರಿಲ್ ಮೆಷಿನ್ ತಂದಿದ್ದಳು. ನಾನು ಒಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಮೆಷಿನ್ನು ಗುಂಯ್ ಎಂದಿತು. ಆಮೇಲೆ ಆ ವಾಸನೆ ಬಂತು. ಒಣ ಸೋರೆಯ ಪುಡಿಯ ಕಹಿ ವಾಸನೆ, ಗಂಟಲಿಗೆ ಹತ್ತುವಂಥದ್ದು...

"ತೂತು ಹಾಕಬ್ಯಾಡ! ಇಡು ಅದನ್ನ ಕೆಳಗ!" ಎಂದು ನಾನು ಕಿರುಚಿದ ರೀತಿಗೆ ಮೊರದ ಜೋಳವೆಲ್ಲ ಚೆಲ್ಲಿ ಹೋಯಿತು. ಹುಡುಗಿ ಹೆದರಿ ಮೆಷಿನ್ ಕೈಬಿಟ್ಟಳು. ಅಷ್ಟರಲ್ಲಿ ಒಂದು ತೂತು ಬಿದ್ದಾಗಿತ್ತು.

ಮೂವತ್ತು ವರ್ಷ ಯಾದಗಿರಿಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಬೈಯುವುದು ನನಗೆ ಹೊಸದಲ್ಲ. ಆದರೆ ಅವತ್ತು ಬೈದದ್ದು ಮೊಮ್ಮಗಳನ್ನಲ್ಲ. ಒಂಬತ್ತು ವರ್ಷದ ಬೇರೊಂದು ಹುಡುಗಿಯನ್ನು.

ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು. ನಮ್ಮ ಕಡೆ ಮಾತ್ರ ಇನ್ನೂ ಹೈದರಾಬಾದಿನ ಹುಕುಂ ನಡೆಯುತ್ತಿತ್ತು. ಹಳ್ಳಿಹಳ್ಳಿಗೆ ಬಂದೂಕಿನವರು ಬರುತ್ತಿದ್ದರು. ಯಾರ ಮನೆಗೆ ಯಾವಾಗ ಬೆಂಕಿ ಬೀಳುತ್ತದೋ ಗೊತ್ತಿರಲಿಲ್ಲ. ಶಹಾಪುರದಲ್ಲಿ ಅಪ್ಪನಿಗೆ ಒಂದು ಸಣ್ಣ ಬಟ್ಟೆ ಅಂಗಡಿ. ಅವ್ವ ಬಸುರಿ. ಅಪ್ಪ ಮೊದಲು ಅವಳನ್ನು ಕೃಷ್ಣೆಯ ಆಚೆ ದಂಡೆಯಲ್ಲಿದ್ದ ತವರಿಗೆ ದಾಟಿಸಿದ. ನನ್ನದು ಶಾಲೆ ಮುಗಿಯಲಿ ಎಂದು ಒಂದು ತಿಂಗಳು ತಡೆದು, ಆಮೇಲೆ ಹೊಳೆಯ ತನಕ ಕರೆತಂದ. ಬರುವಷ್ಟರಲ್ಲಿ ಹೊಳೆಗೆ ಹೊಸ ನೀರು ಬಂದಿತ್ತು, ಜೊತೆಗೆ ಹೊಸ ಹುಕುಂ ಕೂಡ. ಯಾರೂ ಹೊಳೆ ದಾಟಬಾರದು. ದಂಡೆಯ ಹರಿಗೋಲುಗಳನ್ನೆಲ್ಲ ಎಳೆದು ತಂದು ಚಾವಡಿಯ ಮುಂದೆ ಬೋರಲು ಹಾಕಿ ಪಹರೆ ಇಟ್ಟಿದ್ದರು.

ತಿಂಥಣಿಯಿಂದ ಸ್ವಲ್ಪ ಕೆಳಗೆ, ಈಚೆ ದಂಡೆಯ ಆ ಹಳ್ಳಿಯಲ್ಲಿ ದೊಡ್ಡಪ್ಪನ ಮನೆ. ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಅಂಗಡಿ ನೋಡಿಕೊಳ್ಳಲು ತಿರುಗಿ ಹೋದ. ದೊಡ್ಡವ್ವ ಕೆಟ್ಟವಳೇನಲ್ಲ, ಆದರೆ ಐದು ಮಕ್ಕಳಿರುವ ಮನೆಗೆ ಆರನೆಯದು ಬಂದು ಬಿದ್ದರೆ ಯಾರಿಗೆ ಪ್ರೀತಿ ಉಕ್ಕುತ್ತದೆ? ನನ್ನ ತಟ್ಟೆಗೆ ರೊಟ್ಟಿ ಬೀಳುವಾಗ ಆಕೆಯ ನಿಟ್ಟುಸಿರೂ ಜೊತೆಗೇ ಬೀಳುತ್ತಿತ್ತು. ನಾನು ದಿನವೂ ದಂಡೆಗೆ ಹೋಗಿ ಕೂರುತ್ತಿದ್ದೆ. ಆಚೆ ದಂಡೆಯಲ್ಲಿ ಒಂದು ಹುಣಸೆಮರ ಕಾಣುತ್ತಿತ್ತು. ಅದರ ಹಿಂದಿನ ಮೂರನೆಯ ಮನೆ ನನ್ನ ಅಜ್ಜಿಯದು. ಸಂಜೆ ಅಲ್ಲಿ ಒಲೆಯ ಹೊಗೆ ಏಳುವುದೂ ಕಾಣುತ್ತಿತ್ತು. ಅವ್ವ ಅಷ್ಟು ಹತ್ತಿರ. ನಡುವೆ ಕೆಂಪು ನೀರು ಭೋರ್ಗರೆಯುತ್ತಿತ್ತು.

ಅಲ್ಲೇ ಅಕ್ಕ ಸಿಕ್ಕಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಆ ಊರ ಅಂಬಿಗರ ಮಗಳು. ಹದಿನೈದು ತುಂಬಿತ್ತು. ತಾಯಿ ಇರಲಿಲ್ಲ. ಆ ವಯಸ್ಸಿಗೆ ಬೇರೆ ಹುಡುಗಿಯರು ಗಂಡನ ಮನೆ ಸೇರಿರುತ್ತಿದ್ದರು. ಇವಳನ್ನು ನೋಡಲು ಬಂದವರು ದಂಡೆಯ ಮೇಲೆ ಇವಳ ಕಥೆ ಕೇಳಿಯೇ ಎತ್ತು ತಿರುಗಿಸುತ್ತಿದ್ದರು. ಪ್ರವಾಹದಲ್ಲಿ ಕೊಚ್ಚಿಹೋಗುತ್ತಿದ್ದ ಎಮ್ಮೆಯ ಬಾಲ ಹಿಡಿದು ಎರಡು ಹರದಾರಿ ಕೆಳಗೆ ಹೋಗಿ, ಎಮ್ಮೆಯ ಸಮೇತ ನಡೆದು ಬಂದವಳು. ಮೊಸಳೆ ಮಲಗುವ ಬಂಡೆಯ ಮೇಲೆ ಸೀರೆ ಒಣಹಾಕಿದವಳು. ಕೇಳಿದರೆ, "ಅದರ ಪಾಡಿಗಿ ಅದು ಮಲಗಿತ್ತು, ನನ್ನ ಪಾಡಿಗಿ ನಾ ಹಾಕಿದೆ. ಅದಕ್ಕೇನು ಸೀರಿ ಬೇಕಾಗಿತ್ತೇನು?" ಎನ್ನುತ್ತಿದ್ದಳು.

ಹರಿಗೋಲು ಹೋದ ಮೇಲೆ ಊರಿಗೆ ಆಕೆಯೇ ದಿಕ್ಕಾದಳು. ಅವಳ ಗುಡಿಸಲಿನಲ್ಲಿ ನಾಲ್ಕು ಸೋರೆಬುರುಡೆಗಳು ನೇತಾಡುತ್ತಿದ್ದವು. ತೊಟ್ಟು ಮುರಿಯದ, ಬೀಜ ತೆಗೆಯದ, ಎಲ್ಲೂ ಬಿರುಕಿಲ್ಲದ ಬುರುಡೆಗಳು. ಅವನ್ನು ಹಗ್ಗದಲ್ಲಿ ಕಟ್ಟಿ ಸೊಂಟಕ್ಕೆ ಬಿಗಿದುಕೊಂಡು, ಎರಡು ಎದೆಯಡಿಗೆ, ಎರಡು ಪಕ್ಕಕ್ಕೆ, ನೀರಿಗೆ ಇಳಿಯುತ್ತಿದ್ದಳು. ಪಹರೆಯವರು ಉಂಡು ಬೇವಿನ ನೆರಳಿನಲ್ಲಿ ತೂಕಡಿಸುವ ನಡುಮಧ್ಯಾಹ್ನವೇ ಅವಳ ಹೊತ್ತು. ತಲೆಯ ಮೇಲೆ ದಂಡೆಯಲ್ಲಿ ಬೆಳೆಯುವ ಆಪಿನ ಹುಲ್ಲು ಒಂದು ಹಿಡಿ ಕಟ್ಟಿಕೊಂಡರೆ ದಂಡೆಯಿಂದ ನೋಡಿದವರಿಗೆ ತೇಲುವ ಕಸ. ನೇರ ಎದುರಿಗೆ ಈಸಿದರೆ ಹೊಳೆ ಎಲ್ಲಿಗೋ ಒಯ್ಯುತ್ತದೆ. ಅದಕ್ಕೆ ಅರ್ಧ ಹರದಾರಿ ಮೇಲಕ್ಕೆ ನಡೆದು ಹೋಗಿ ಅಲ್ಲಿ ಇಳಿದು, ಓರೆಯಾಗಿ ತೇಲಿ, ಸರಿಯಾಗಿ ಹುಣಸೆಮರದ ಬುಡಕ್ಕೆ ಹತ್ತುತ್ತಿದ್ದಳು. ಎರಡು ದಿನ ಬಿಟ್ಟು ಹಾಗೆಯೇ ತಿರುಗಿ ಬರುತ್ತಿದ್ದಳು.

ಅವಳು ಒಯ್ಯುತ್ತಿದ್ದದ್ದು ಮಾತು. ಎರಡೂ ದಂಡೆಗೆ ಬೀಗರು, ಹೆಣ್ಣು ಕೊಟ್ಟವರು, ತಂದವರು ಇದ್ದರಲ್ಲ. ಯಾರು ಸತ್ತರು, ಯಾರು ಹೆತ್ತರು, ಯಾರನ್ನು ಹಿಡಿದೊಯ್ದರು ಎಂಬ ಖಬರು ಬೇಕಲ್ಲ. ಕಾಗದ ಮಾತ್ರ ಮುಟ್ಟುತ್ತಿರಲಿಲ್ಲ. "ಕಾಗದ ಕೊಡಬ್ಯಾಡ್ರಿ. ಅದು ಸಿಕ್ರ ಬರದವರ ಕುತ್ತಿಗಿಗೂ ಬರ್ತದ, ನನ್ನ ಕುತ್ತಿಗಿಗೂ ಬರ್ತದ. ಬಾಯಿಲೆ ಹೇಳ್ರಿ, ಒಂದು ಮಾತು ಹೊಳ್ಯಾಗ ಬಿಡಂಗಿಲ್ಲ" ಎನ್ನುತ್ತಿದ್ದಳು. ಬಿಡುತ್ತಿರಲಿಲ್ಲ ಕೂಡ. ಹೇಳಿದವರ ದನಿ, ಕೆಮ್ಮು, ಮೂಗು ಎಳೆದುಕೊಳ್ಳುವುದು, ಎಲ್ಲ ಇದ್ದಹಾಗೇ ತಂದು ಒಪ್ಪಿಸುತ್ತಿದ್ದಳು. ಊರಗೌಡರ ಬೀಗತಿಯ ಬೈಗುಳವನ್ನು ಗೌಡರ ಮುಖದೆದುರೇ ಅಕ್ಷರ ಬಿಡದೆ ಒಪ್ಪಿಸಿದ್ದಳಂತೆ. ಗೌಡರು ನಗಲೋ ಹೊಡೆಯಲೋ ತಿಳಿಯದೆ ಕೂತರಂತೆ.

ನನಗೂ ಅವ್ವನ ಮಾತು ಬಂತು. ದಂಡೆಯ ಮೇಲೆ ತಲೆಗೂದಲು ಹಿಂಡಿಕೊಳ್ಳುತ್ತ ಅಕ್ಕ ನನ್ನೆದುರು ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಅವ್ವನಾದಳು. "ದಿನಾ ಎಣ್ಣಿ ಹಚ್ಚಿ ಹೆಳಲ ಹಾಕ್ಕೋ. ದೊಡ್ಡವ್ವನ ಮುಂದ ಹಟಾ ಮಾಡಬ್ಯಾಡ. ಕೂಸು ಹುಟ್ಟಿ ತಿಂಗಳ ತುಂಬಿದ ಮ್ಯಾಲ ನಾನ ಬಂದು ಕರ್ಕೊಂಡ ಹೋಗ್ತೀನಿ, ನನ ಬಂಗಾರ." ಕೊನೆಗೆ ಅವ್ವ ಎಳೆಯುವ ಉಸಿರು ಕೂಡ ಹಾಗೇ ಇತ್ತು. ನಾನು ಅತ್ತು ಅವಳ ಒದ್ದೆ ಮಡಿಲಲ್ಲಿ ಮುಖ ಹುದುಗಿಸಿದೆ.

ಆಮೇಲೆ ನಾನು ಅವಳ ಬೆನ್ನು ಬಿಡಲಿಲ್ಲ. ಬುರುಡೆ ಕಟ್ಟಿ ನನಗೂ ಈಸು ಕಲಿಸಿದಳು, ಬಂಡೆಗಳ ನಡುವಿನ ನಿಂತ ನೀರಿನಲ್ಲಿ. "ಬುರುಡಿನ್ನ ನಂಬು, ಹೊಳಿ ಕೂಡ ಜಗಳ ಆಡಬ್ಯಾಡ" ಎನ್ನುತ್ತಿದ್ದಳು. ನೀರಿಗೆ ಇಳಿಯುವ ಮೊದಲು ನಾಲ್ಕೂ ಬುರುಡೆಗಳನ್ನು ಕಿವಿಗೆ ಹಿಡಿದು ಅಲ್ಲಾಡಿಸುವ ಕೆಲಸ ನನ್ನದಾಯಿತು. ಬೀಜ ಗಲಗಲ ಎಂದು ಒಣ ಸದ್ದು ಮಾಡಿದರೆ ಒಳಗೆ ನೀರು ಹೊಕ್ಕಿಲ್ಲ, ಬುರುಡೆ ಗಟ್ಟಿ. ಆ ಊರಿನಲ್ಲಿ ನನ್ನನ್ನು ನಂಬಿ ಯಾರಾದರೂ ಒಂದು ಕೆಲಸ ಕೊಟ್ಟಿದ್ದರೆ ಅದು ಇದೊಂದೇ.

ಆದರೆ ಒಂದು ಸಲ ಅವಳು ಆಚೆಯಿಂದ ಬಂದಾಗ ನೋಡಿದೆ, ತಲೆ ಬಾಚಿತ್ತು. ನೀರಿನಲ್ಲಿ ನೆನೆದರೂ ಹೆಳಲು ಬಿಚ್ಚಿರಲಿಲ್ಲ. ನಾಲ್ಕು ಎಳೆಯ ಹೆಳಲು, ತುದಿಗೆ ಒಳಮಡಿಕೆ. ಹಾಗೆ ಹಾಕುವವಳು ಲೋಕದಲ್ಲಿ ನಮ್ಮವ್ವ ಒಬ್ಬಳೇ. "ನಿಮ್ಮವ್ವ ಬಿಡಲಿಲ್ಲವ್ವ. ತಾಯಿ ಇಲ್ಲದ ಹುಡುಗಿ, ಬಾ ಇಲ್ಲಿ ಅಂತ ಕೂಡ್ಸಿಕೊಂಡು ಬಾಚಿದಳು" ಎಂದು ಅಕ್ಕ ಹಿಗ್ಗಿನಿಂದ ಹೆಳಲು ಮುಟ್ಟಿಕೊಂಡಳು. ಹೊಟ್ಟೆಯಲ್ಲಿ ಕಿಚ್ಚು ಎಂದರೇನು ಅಂತ ನನಗೆ ಅವತ್ತು ತಿಳಿಯಿತು. ನನ್ನ ಅವ್ವನ ದನಿ ಇವಳ ಬಾಯಲ್ಲಿ, ನನ್ನ ಅವ್ವನ ಹೆಳಲು ಇವಳ ಬೆನ್ನ ಮೇಲೆ. ನನ್ನ ಪಾಲಿಗೆ ಹುಣಸೆಮರ.

ಇವಳ ಬಾಯಿಯ ಮೂಲಕ ಹೋಗದ, ನನ್ನದೇ ಆದ ಒಂದು ಮಾತು ಅವ್ವನಿಗೆ ಮುಟ್ಟಬೇಕು ಅನ್ನಿಸಿತು. ಶಾಲೆಯಲ್ಲಿ ಕಲಿತದ್ದು ಉರ್ದು. ಮನೆಗೆ ಬರುತ್ತಿದ್ದ ಅಯ್ಯನವರು ಅಷ್ಟಿಷ್ಟು ಕನ್ನಡ ಅಕ್ಷರ ತಿದ್ದಿಸಿದ್ದರು. ಅವ್ವನಿಗೆ ಓದು ಬರುತ್ತಿರಲಿಲ್ಲ, ಅಜ್ಜಿಯ ಊರಲ್ಲಿ ಯಾರಾದರೂ ಓದಿ ಹೇಳುತ್ತಾರೆ ಎಂದುಕೊಂಡೆ. ಬೆರಳುದ್ದದ ಕಾಗದದಲ್ಲಿ ಎರಡೇ ಸಾಲು ಬರೆದೆ. ಅವ್ವಾ ಬೇಗ ಬಂದು ನನ್ನ ಕರಕೊಂಡು ಹೋಗು. ಆಕೀಗಿ ತಲಿ ಬಾಚಬೇಡ.

ಕಾಗದವನ್ನು ಅಕ್ಕ ಒಯ್ಯುವುದಿಲ್ಲ. ಅವಳಿಗೆ ಗೊತ್ತಾಗದಂತೆ ಒಯ್ಯಿಸಬೇಕು. ಆಕೆ ತನ್ನ ಅಪ್ಪನಿಗೆ ರೊಟ್ಟಿ ಕೊಡಲು ಹೋದಾಗ ಗುಡಿಸಲಿಗೆ ನುಗ್ಗಿ, ದೊಡ್ಡವ್ವನ ಚೀಲ ಹೊಲಿಯುವ ದಬ್ಬಣದಿಂದ ಒಂದು ಬುರುಡೆಯ ತೊಟ್ಟಿನ ಪಕ್ಕ ತೂತು ಕೊರೆದೆ. ಆಗ ಬಂದದ್ದೇ ಈ ಕಹಿ ವಾಸನೆ. ಕಾಗದ ಸುರುಳಿ ಸುತ್ತಿ ಒಳಗೆ ತೂರಿಸಿದೆ. ಗೋಧಿ ಹಿಟ್ಟಿನ ಕಣಕ ಮೆತ್ತಿ, ಬಣ್ಣ ಕೂಡಲೆಂದು ಬೂದಿ ಸವರಿದೆ. ಒಣಗಿದರೆ ಕಣಕ ಕಲ್ಲಾಗುತ್ತದಲ್ಲ, ಮತ್ತೇನು ಬೇಕು ಎಂದು ನನ್ನ ಜಾಣತನಕ್ಕೆ ನಾನೇ ಬೀಗಿದೆ. ಗುರುತಿಗೆ ಒಂದು ಕೆಂಪು ದಾರ ಕಟ್ಟಿದೆ, ಅದನ್ನು ಕಂಡರೆ ಅವ್ವ ಒಳಗೆ ಹುಡುಕುತ್ತಾಳೆ ಎಂದುಕೊಂಡೆ. ಹಿಟ್ಟು ನೀರಿಗೆ ಬಿದ್ದರೆ ಏನಾಗುತ್ತದೆ ಎಂದು ದಿನವೂ ಅಡುಗೆಮನೆ ನೋಡುವ ಹುಡುಗಿಗೆ ಹೊಳೆಯಲಿಲ್ಲ, ನೋಡಿ. ಹೊಟ್ಟೆಕಿಚ್ಚಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಎರಡು ದಿನದ ಮೇಲೆ ಅಕ್ಕ ಹೊರಟಳು. ಬುರುಡೆ ಅಲ್ಲಾಡಿಸಿ ನೋಡುವವಳು ನಾನೇ. "ಎಲ್ಲಾ ಗಟ್ಟಿ ಅದಾವಕ್ಕಾ" ಎಂದೆ. ಆಮೇಲೆ ಮೆಲ್ಲಗೆ, ಈ ಕೆಂಪು ದಾರದ ಬುರುಡೆಯನ್ನು ನಮ್ಮವ್ವನ ಕೈಯಲ್ಲಿ ಕೊಡು, ಕೊಡಲೇಬೇಕು ಎಂದು ಗೋಗರೆದೆ. ಮಕ್ಕಳಾಟ ಎಂದುಕೊಂಡು ಅಕ್ಕ ನಕ್ಕಳು. "ಕೊಡ್ತೀನವ್ವ ತಾಯಿ, ಕೊಡ್ತೀನಿ" ಎಂದು ಹುಲ್ಲನ್ನು ತಲೆಗೇರಿಸಿಕೊಂಡು ನೀರಿಗೆ ಇಳಿದಳು.

ನಾನು ದಂಡೆಯಿಂದ ನೋಡುತ್ತಿದ್ದೆ. ನಡುಹೊಳೆಯ ತನಕ ಎಲ್ಲ ಸರಿಯಿತ್ತು. ಆಮೇಲೆ ಹುಲ್ಲಿನ ಹಿಡಿ ಒಂದು ಪಕ್ಕಕ್ಕೆ ವಾಲಿತು. ಮುಳುಗಿತು, ಎದ್ದಿತು, ಸುತ್ತಿತು. ಹುಣಸೆಮರದ ನೇರ ದಾಟಿ ಕೆಳಕ್ಕೆ, ಬಂಡೆಗಳ ಕಡೆಗೆ ಕೊಚ್ಚಿಹೋಯಿತು. ಕೂಗಿದರೆ ಪಹರೆಯವರು ಏಳುತ್ತಾರೆ. ನಾನು ಸೆರಗಿಲ್ಲದ ಹುಡುಗಿ, ಲಂಗದ ಅಂಚನ್ನೇ ಬಾಯಲ್ಲಿ ತುರುಕಿಕೊಂಡು ಕೂತೆ...

ಎಂಟು ದಿನ, ಹತ್ತು ದಿನ, ಹದಿನೈದು ದಿನ. ಆಕೆಯ ಅಪ್ಪ ಅಂಬಿಗ ಕಾಕಾ ದಂಡೆ ಬಿಟ್ಟು ಏಳಲಿಲ್ಲ. ಊಟ ಒಯ್ದು ಕೊಟ್ಟರೆ, "ಆಕಿ ಬರ್ತಾಳ ಬಿಡವ್ವ, ಹೊಳಿ ಆಕೀನ್ನ ಏನ ಮಾಡಂಗಿಲ್ಲ" ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಆ ರೊಟ್ಟಿ ಕೊಡುತ್ತಿದ್ದ ಕೈ ನನ್ನದು.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ದಂಡು ಬಂತಂತೆ, ಹೈದರಾಬಾದ್ ಕೂಡಿಕೊಂಡಿತಂತೆ ಎಂಬ ಖಬರು ಸುರಪುರದಿಂದ ಬಂದ ಮುಂಜಾನೆ ಚಾವಡಿಯ ಮುಂದೆ ಪಹರೆಯವರೇ ಇರಲಿಲ್ಲ. ಜನ ಹರಿಗೋಲುಗಳನ್ನು ಹೊತ್ತುಕೊಂಡು ಹೊಳೆಗೆ ಓಡಿದರು. ಬಿಸಿಲಿಗೆ ಅವುಗಳ ಹೊದಿಕೆಯ ಚರ್ಮ ಬಿರಿದಿತ್ತು. ನೆನೆಸಿ, ಹೊಲಿದು, ಮೂರನೆಯ ದಿನ ಕಾಕಾ ಒಂದನ್ನು ನೀರಿಗೆ ಬಿಟ್ಟ. ಅವನು ತಿರುಗಿ ಬಂದಾಗ ಹರಿಗೋಲಿನಲ್ಲಿ ನಮ್ಮವ್ವ ಇದ್ದಳು, ಮಡಿಲಲ್ಲಿ ಎಳೆಯ ತಂಗಿ ಇದ್ದಳು. ಪಕ್ಕದಲ್ಲಿ ಅಕ್ಕ ಇದ್ದಳು. ಬಲಗೈಯನ್ನು ಬಿದಿರು ದಬ್ಬೆ ಇಟ್ಟು ಎದೆಗೆ ಕಟ್ಟಿದ್ದರು. ಬಂಡೆಗೆ ಬಡಿದು ಭುಜ ಮುರಿದಿತ್ತು. ಆಚೆ ದಂಡೆಯಲ್ಲಿ ಹೊಲಕ್ಕೆ ಬಂದವರು ಎಳೆದು ಹಾಕಿ ಅಜ್ಜಿಯ ಮನೆಗೆ ಮುಟ್ಟಿಸಿದ್ದರಂತೆ. ಬಾಣಂತಿಯಾಗಿದ್ದ ಅವ್ವನೇ ಅವಳಿಗೆ ಉಣಿಸಿದಳಂತೆ.

ನಾನು ಅವ್ವನ ಕುತ್ತಿಗೆಗೆ ಜೋತುಬಿದ್ದೆ. ಎಷ್ಟೋ ಹೊತ್ತಿನ ಮೇಲೆ ಅಕ್ಕ ನನ್ನನ್ನು ಬಂಡೆಯ ಮರೆಗೆ ಕರೆದು, ಸೀರೆಯ ಗಂಟಿನಿಂದ ಆ ಬುರುಡೆ ತೆಗೆದು ಕೊಟ್ಟಳು. ಕೆಂಪು ದಾರ ಹಾಗೇ ಇತ್ತು. ಕಣಕ ಇರಲಿಲ್ಲ.

"ನಡುಹೊಳ್ಯಾಗ ಭಾರ ಆತು. ಕೊಯ್ದು ಬಿಟ್ರ ಹಗೂರ ಆಗ್ತಿತ್ತು. ಖರೆ, ನಿಮ್ಮವ್ವಗ ಕೊಡ್ತೀನಂತ ಮಾತು ಕೊಟ್ಟಿದ್ನೆಲ್ಲ..." ಎಂದಳು. ಸಿಟ್ಟಿರಲಿಲ್ಲ. "ಒಳಗ ಕಾಗದ ಇತ್ತು. ನೆನದು ಹಿಟ್ಟಾಗಿತ್ತು. ಯಾರಿಗೂ ತೋರಸಲಿಲ್ಲ ನಾ. ಏನ ಬರದಿದ್ದಿ?"

"ನನ್ನ ಕರಕೊಂಡ ಹೋಗಂತ" ಎಂದೆ. ಎರಡನೆಯ ಸಾಲು ಹೇಳಲಿಲ್ಲ. ಅಕ್ಕ ಎಡಗೈಯಿಂದ ನನ್ನ ತಲೆ ಸವರಿ, "ಇದನ್ನ ಒಲಿಗಿ ಹಾಕಿಬಿಡು" ಎಂದಳು. ಹಾಕಿದೆ.

ಮರುದಿನ ಹೊಳೆಗೆ ಉಡಿ ತುಂಬುವ ಪೂಜೆ. ಹರಿಗೋಲು ನಿಂತು ಮತ್ತೆ ಶುರುವಾಗುವಾಗ ಹೊಳೆಯವ್ವನಿಗೆ ಕುಬಸ, ಬಳೆ, ಕಾಯಿ ಕೊಟ್ಟು, ಏನಾದರೂ ಮೈಲಿಗೆ ಆಗಿದ್ದರೆ ತಪ್ಪೊಪ್ಪಿಕೊಳ್ಳುವುದು ಅಂಬಿಗರ ಪದ್ಧತಿ. ಊರೆಲ್ಲ ಸೇರಿತ್ತು. ಅಷ್ಟು ವರ್ಷ ಏನೂ ಮಾಡದ ಹೊಳೆ ಈ ಹುಡುಗಿಯ ಭುಜ ಯಾಕೆ ಮುರಿಯಿತು ಎಂಬುದೇ ಎಲ್ಲರ ಬಾಯಲ್ಲಿ. ಮುಟ್ಟಾದ ದಿನ ನೀರಿಗೆ ಇಳಿದಿದ್ದಾಳೆ ಎಂದು ಹೆಂಗಸರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಹಿರಿಯ ಮುದುಕಿಯೊಬ್ಬಳು ನಡುವೆ ನಿಂತು ಕೇಳಿದಳು: "ಖರೆ ಹೇಳು. ಹೊಳಿಗಿ ಮೈಲಿಗಿ ಮಾಡಿದ್ಯೋ, ಇಲ್ಲ ಮತ್ತೇನರ ಆಗಿತ್ತೋ?"

ಅಕ್ಕ ನನ್ನ ಕಡೆ ನೋಡಿದಳು. ಒಂದೇ ಸಲ. ಹೇಳು ಎಂದು ಕಣ್ಣು ಮಾಡಲಿಲ್ಲ, ಬೇಡ ಎಂದೂ ಮಾಡಲಿಲ್ಲ. ಸುಮ್ಮನೆ ನೋಡಿ, ಕಾದಳು. ಬಂದೂಕಿನವರ ಭಯ ಆಗ ಇರಲಿಲ್ಲ. ನೆಪ ಎಂಬುದು ನನಗೆ ಒಂದೂ ಉಳಿದಿರಲಿಲ್ಲ. ಅವ್ವ ಬೆಳಿಗ್ಗೆ ನನಗೆ ನಾಲ್ಕು ಎಳೆಯ ಹೆಳಲು ಹಾಕಿದ್ದಳು. ನಾನು ಅದರ ತುದಿ ಹಿಡಿದುಕೊಂಡು ನೆಲ ನೋಡಿದೆ.

"ನನ್ನದ ತಪ್ಪ ಅದರಿ" ಎಂಬ ದನಿ ಕೇಳಿತು. ಅದು ಅವಳದೇ ದನಿ. ಅಷ್ಟು ದಿನ ಎಲ್ಲರ ದನಿಯನ್ನೂ ತಂದು ಒಪ್ಪಿಸಿದವಳು ಅವತ್ತು ನನ್ನ ಮಾತನ್ನು ತನ್ನ ದನಿಯಲ್ಲಿ ಹೇಳಿದಳು.

ಅವಳು ಇನ್ನು ಹೊಳೆಗೆ ಇಳಿಯಬಾರದು, ಹುಟ್ಟು ಮುಟ್ಟಬಾರದು, ಹರಿಗೋಲು ಹತ್ತಬಾರದು ಎಂದಾಯಿತು. ಮಗಳ ಮುಖ ನೋಡಲಾರದೆ ಕಾಕಾ ಕಾಯಿ ಒಡೆದ. ಆ ವರ್ಷವೇ ಗುರುಮಠಕಲ್ ಕಡೆಯ ಒಂದು ಹಳ್ಳಿಗೆ ಅವಳನ್ನು ಕೊಟ್ಟರು. ಹೊಳೆ ಇಲ್ಲ, ಹಳ್ಳ ಇಲ್ಲ, ಊರಿಗೊಂದು ಬಾವಿ ಎಂದು ಆಮೇಲೆ ಯಾರೋ ಹೇಳಿದರು. ನಾವು ಅಷ್ಟರಲ್ಲಿ ಶಹಾಪುರಕ್ಕೆ ಹೋಗಿದ್ದೆವು.

ನಾನು ಓದಿದೆ, ಟೀಚರಾದೆ, ಯಾದಗಿರಿಗೆ ಬಂದೆ. ಅವಳ ಹಳ್ಳಿ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಮೂವತ್ತು ವರ್ಷ ಹೋಗಲಿಲ್ಲ. ಖರೆ ಹೇಳಿ ಅಂತ ಮಕ್ಕಳಿಗೆ ದಿನಾ ಬುದ್ಧಿ ಹೇಳುತ್ತಿದ್ದ ಬಾಯಿ ಇದು! ನಿವೃತ್ತಿಯಾದ ಮೇಲೆ ಒಂದು ದಿನ ಹೇಗೋ ಧೈರ್ಯ ಮಾಡಿ ಹೊರಟೆ. ಹೋದಾಗ ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಸೊಸೆ ಮನೆಯಲ್ಲಿದ್ದಳು. ಒಳ್ಳೆಯ ಹೆಣ್ಣುಮಗಳು, ಚಾಪೆ ಹಾಸಿದಳು. ಇಷ್ಟು ದೂರ ಬಂದದ್ದಕ್ಕೆ ಇವಳಿಗಾದರೂ ಹೇಳೋಣವೆಂದು ಎಲ್ಲ ಹೇಳಿದೆ. ಹೊಳೆ, ಹುಲ್ಲಿನ ಹಿಡಿ, ಎಮ್ಮೆಯ ಬಾಲ, ಕೆಂಪು ದಾರ, ಎರಡೂ ಸಾಲು.

ಸೊಸೆ ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತು ಕೇಳಿದಳು. ಆಮೇಲೆ ಸಂಕೋಚದಿಂದ, "ತಪ್ಪು ತಿಳೀಬ್ಯಾಡ್ರಿ ಅಮ್ಮಾರ. ನೀವು ಹುಡುಕೋರು ಬ್ಯಾರೆ ಯಾರರ ಇರಬೇಕ್ರಿ. ನಮ್ಮ ಅತ್ತಿಗಿ ನೀರಂದ್ರ ಭಾಳ ಅಂಜಿಕಿ ಇತ್ರಿ. ಬಾವಿ ಕಟ್ಟಿಗೂ ಬರ್ತಿರಲಿಲ್ಲ. ಒಂದಿನಾನೂ ಒಂದು ಕೊಡ ನೀರು ಸೇದಿದಾಕಿ ಅಲ್ರಿ" ಎಂದಳು.

ಭುಜದ ಮಾತು ಕೇಳಿದೆ. ಬಲಗೈ ಮೇಲಕ್ಕೆ ಎತ್ತಲು ಬರುತ್ತಿರಲಿಲ್ಲ, ಸಣ್ಣವಳಿದ್ದಾಗ ಎಲ್ಲೋ ಬಿದ್ದಿದ್ದರಂತೆ ಎಂದಳು. ನಾನು ಚಹಾ ಕುಡಿದು ಎದ್ದೆ. ಆಕೆ ಬಸ್ಸಿನ ತನಕ ಬಂದು, ನಿಮ್ಮವರು ಸಿಗಲಿ ಅಮ್ಮಾರ ಎಂದು ಹಾರೈಸಿ ಕಳಿಸಿದಳು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದ್ದು ಕಳೆದ ವಾರ, ಬೈದ ದಿನವೇ, ಚೆಲ್ಲಿದ ಜೋಳ ಇಬ್ಬರೂ ಕೂಡಿ ಆರಿಸುವಾಗ. ಅವಳು ನಂಬಿದಳು. ಮಕ್ಕಳು ನಂಬುತ್ತಾರೆ. ಅದಕ್ಕೇ ಆ ಪ್ರಶ್ನೆಯನ್ನೂ ಕೇಳಿದಳು. "ಅವತ್ತು ನೀ ಯಾಕ ಸುಮ್ಮನಿದ್ದಿ ಅಜ್ಜಿ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಮಾತನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿದ್ದೇನೋ ಲೆಕ್ಕವಿಲ್ಲ. "ನಮ್ಮವ್ವ ಬಂದುಬಿಟ್ಟಿದ್ದಳವ್ವ. ನನಗ ಬೇಕಾದದ್ದು ಸಿಕ್ಕಿತ್ತು" ಎಂದೆ.

ಹುಡುಗಿ ಮೆಷಿನ್ನು ತಿರುಗಿ ಕೊಟ್ಟು ಬಂದಳು. ಒಂದು ತೂತಿನ ಆ ಬುರುಡೆ ನನ್ನ ಕಪಾಟಿನ ಮೇಲಿದೆ. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಬೀಜಗಳು ಗಲಗಲ ಎನ್ನುತ್ತವೆ. ಅದನ್ನು ಕೇಳಿ "ಗಟ್ಟಿ ಅದ ಅಕ್ಕಾ" ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.